ಕಪ್ಪು ಮದರಂಗಿ ಮದರಂಗಿಯೇ ಅಲ್ಲ

ರಜೆಗೆ ಬಂದಿದ್ದ ತಂಗಿಯ ಮಗಳು ತದಡಿ ದೋಣಿ ದಾಟಿ ಗೋಕರ್ಣಕ್ಕೆ ಹೋಗಿ ಬಂದಳು. ತೋಳಿನ ಮೇಲೆ ಕಪ್ಪು ಚಿತ್ತಾರ. "ಮಾವ, ಇದು ಹಚ್ಚೆ ಅಲ್ಲ, ಮದರಂಗಿ. ಅರ್ಧ ಗಂಟೆಲಿ ಆಯ್ತು" ಅಂದಳು. ಒಂಬತ್ತನೇ ದಿನ ತುರಿಕೆ ಸುರುವಾಯ್ತು. ಮಾರನೇ ದಿನ ಚಿತ್ತಾರದ ಗೆರೆ ಹಿಡಿದೇ ನೀರುಗುಳ್ಳೆ ಎದ್ದವು. ಕುಮಟೆಯಲ್ಲಿ ತೋರಿಸಿದಾಗ ವೈದ್ಯರು ಮೊದಲು ಕೇಳಿದ್ದು, "ಬಣ್ಣ ಕಪ್ಪಿತ್ತೋ ಕೆಂಪಿತ್ತೋ?" ಆಮೇಲೆ ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮೆಲ್ಲರ ಮನೆಗೂ ರಜೆಗೆ ಮಕ್ಕಳು ಬರ್ತಾರಲ್ಲ.

ಕಪ್ಪು ಎಲ್ಲಿಂದ ಬಂತು?

ಮದರಂಗಿ ಸೊಪ್ಪಿನಲ್ಲಿ ಬಣ್ಣ ಕೊಡುವ ಅಂಶದ ಹೆಸರು ಲಾಸೋನ್. ಅದು ಮೇಲ್ಚರ್ಮಕ್ಕೆ ಅಂಟಿ ಮೊದಲು ಕಿತ್ತಳೆ, ಎರಡನೇ ದಿನಕ್ಕೆ ಕಂದುಗೆಂಪು ಆಗ್ತದೆ. ಅಂಗೈ, ಅಂಗಾಲಿನ ಚರ್ಮ ದಪ್ಪ, ಅಲ್ಲಿ ಬಣ್ಣ ಗಾಢ. ತೋಳಿನ ಮೇಲೆ ತಿಳಿ. ಇದಕ್ಕೆ ಐದಾರು ತಾಸು ಕೂರಬೇಕು. ತಿರುಗಾಟಕ್ಕೆ ಬಂದವರಿಗೆ ಅಷ್ಟು ಪುರುಸೊತ್ತು ಎಲ್ಲಿ? ಹಾಗಾಗಿ ಕೆಲವರು ತಲೆಗೂದಲಿನ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಬೆರೆಸ್ತಾರೆ. ಪೂರ್ತಿ ಹೆಸರು ಪ್ಯಾರಾ ಫಿನೈಲಿನ್ ಡೈಅಮೀನ್. ಯುರೋಪಿನಲ್ಲಿ ಕೂದಲಿಗೆ ಹಚ್ಚುವ ಬಣ್ಣದಲ್ಲಿ ಇದು ಶೇಕಡಾ 2 ಮೀರುವಂತಿಲ್ಲ, ಚರ್ಮಕ್ಕೆ ಹಚ್ಚುವಂತೆಯೇ ಇಲ್ಲ.

ಇದು ಬರೀ ಉರಿಯಲ್ಲ, ಅಲರ್ಜಿ. ಮೊದಲ ಸಲ ಏನೂ ಆಗದೆ ಇರಬಹುದು. ಆದರೆ ಒಮ್ಮೆ ಮೈಗೆ ಒಗ್ಗದೆ ಹೋದರೆ ಅದು ಜೀವಮಾನಕ್ಕೆ ಉಳಿತದೆ. ಮುಂದೆ ಯಾವಾಗಲೋ ತಲೆಗೆ ಕಪ್ಪು ಡೈ ಹಚ್ಚಿದರೆ ಮುಖ ಬಾತು ಉಸಿರಿಗೂ ಕಷ್ಟ ಆಗಬಹುದು.

ಹಚ್ಚಿಸಿಕೊಳ್ಳುವ ಮೊದಲು ನೋಡಿ

1. ಕಲಸಿದ ಹಿಟ್ಟು ಹಸಿರು ಅಥವಾ ಕಂದು ಇರಬೇಕು. ಹಿಟ್ಟೇ ಕಪ್ಪಿದ್ದರೆ ಬೇಡ.
2. "ಒಂದು ತಾಸಿನೊಳಗೆ ಕಪ್ಪು" ಅಂದರೆ ಎದ್ದು ಬನ್ನಿ.
3. ಸೊಪ್ಪಿನ ವಾಸನೆ ಇರಬೇಕು. ಸೀಮೆಎಣ್ಣೆ, ಪೆಟ್ರೋಲಿನ ವಾಸನೆ ಬಂದರೆ ಬೇಡ.
4. ಏನೇನು ಹಾಕಿದೆ ಅಂತ ಬರೆಯದ ಕೋನ್ ಬೇಡ. ಬರೀ ಸೊಪ್ಪಿನ ಹಿಟ್ಟು ಹೊರಗಿಟ್ಟರೆ ಕೆಲವೇ ದಿನದಲ್ಲಿ ಕೆಡ್ತದೆ. ತಿಂಗಳುಗಟ್ಟಲೆ ಕೆಡದೆ ಇದ್ದರೆ ಬೇರೇನೋ ಬೆರೆಸಿದ್ದಾರೆ ಅಂತ ಲೆಕ್ಕ.

ಸ್ವಲ್ಪ ಹಚ್ಚಿ ಪರೀಕ್ಷೆ ಮಾಡ್ತೇನೆ ಅಂದರೆ ಸಾಲದು. ಗುಳ್ಳೆ ಏಳುವುದು ಎಷ್ಟೋ ದಿನದ ಮೇಲೆ.

ಎಳೆ ಕೂಸುಗಳಿಗೆ ಶುದ್ಧ ಮದರಂಗಿಯೂ ಬೇಡ. ರಕ್ತದಲ್ಲಿ ಹುಟ್ಟಿನಿಂದ ಒಂದು ಬಗೆಯ ಕೊರತೆ ಇರುವ ಮಕ್ಕಳಿಗೆ ಅದು ಕೆಂಪು ರಕ್ತಕಣವನ್ನೇ ಒಡೆಯುತ್ತದೆ.

ಹಚ್ಚಿ ಆಗಿಹೋಗಿದ್ದರೆ

ಕೂಡಲೇ ಸಾಬೂನು, ನೀರಿನಿಂದ ತೊಳೆಯಿರಿ. ಗುಳ್ಳೆ ಎದ್ದರೆ ಒಡೆಯಬೇಡಿ, ಮನೆಮದ್ದು ಅರೆದು ಮೆತ್ತಬೇಡಿ. ವೈದ್ಯರ ಹತ್ತಿರ ಕಪ್ಪು ಮದರಂಗಿ ಹಚ್ಚಿದ್ದು ಅಂತ ಮುಚ್ಚಿಡದೆ ಹೇಳಿ.

ಮನೆಯದೇ ಒಳ್ಳೆಯದು

ಮದರಂಗಿ ನೀರು ಕೇಳುವ ಗಿಡ ಅಲ್ಲ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಸುತ್ತಮುತ್ತ ಮಳೆ ನಂಬಿಯೇ ಇದನ್ನು ಬೆಳೀತಾರೆ. ನಮ್ಮಂಥ ಒಣಭೂಮಿಯವರಿಗೆ ಬೇಲಿಗೂ ಆಯ್ತು, ಬಣ್ಣಕ್ಕೂ ಆಯ್ತು. ಮಳೆಗಾಲದಲ್ಲಿ ಬಲಿತ ಕಡ್ಡಿ ಊರಿದರೆ ಬೇರು ಬಿಡ್ತದೆ. ನೀರು ನಿಲ್ಲುವ ಜಾಗ ಮಾತ್ರ ಬೇಡ.

ಹಚ್ಚಬೇಕಾದಾಗ ಹಸಿ ಸೊಪ್ಪು ಕೊಯ್ದು, ಸ್ವಲ್ಪ ಲಿಂಬೆರಸ ಹಾಕಿ ಒರಳಲ್ಲಿ ನುಣ್ಣಗೆ ಅರೆಯಿರಿ. ರಾತ್ರಿ ಹಚ್ಚಿ, ಬೆಳಿಗ್ಗೆ ಒಣಗಿದ್ದನ್ನು ಉದುರಿಸಿ ತೆಂಗಿನೆಣ್ಣೆ ಸವರಿ. ಅವತ್ತು ಸಾಬೂನು ಬೇಡ. ಒಂದೆರಡು ವಾರ ಬಣ್ಣ ಇರ್ತದೆ, ಆಮೇಲೆ ಚರ್ಮದ ಜೊತೆಗೇ ಹೋಗ್ತದೆ.

ತಂಗಿಯ ಮಗಳ ಗುಳ್ಳೆ ಮಾಸಿತು. ಆದರೆ ಚಿತ್ತಾರ ಇದ್ದಲ್ಲಿ ಬಿಳಿಚು ಕಲೆ ಇನ್ನೂ ಉಂಟು. ಇನ್ನು ಮುಂದೆ ಕಪ್ಪು ಡೈ ಮುಟ್ಟಲೇಬಾರದು ಅಂತ ವೈದ್ಯರು ಹೇಳಿದ್ದಾರೆ. ನಮ್ಮ ಬೇಲಿಯಲ್ಲಿ ಗಿಡ ಇತ್ತು. ಹೋಗುವ ಮೊದಲು ನಾನೊಂದು ಮಾತು ಹೇಳಿರಲಿಲ್ಲ. ನೀವು ಹೇಳಿ.