ನೆಟ್ ಯಾವಾಗ ಹೋಗುತ್ತದೆ?

ಬ್ರಿಟನ್ನಿನ ವೇಲ್ಸ್‌ನಲ್ಲಿ ಅಬರ್‌ಹೋಸನ್ ಎಂಬ ಸಣ್ಣ ಹಳ್ಳಿಯಿದೆ. ಒಂದೂವರೆ ವರ್ಷ ಕಾಲ ಆ ಊರಿನಲ್ಲಿ ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬ್ರಾಡ್‌ಬ್ಯಾಂಡ್ ಕೈಕೊಡುತ್ತಿತ್ತು. ಲೈನ್ ನೋಡಿಕೊಳ್ಳುವ ಓಪನ್‌ರೀಚ್ ಕಂಪನಿಯ ಎಂಜಿನಿಯರುಗಳು ಮತ್ತೆ ಮತ್ತೆ ಬಂದು ಪರೀಕ್ಷಿಸಿದರು, ದೋಷ ಸಿಗಲಿಲ್ಲ. ಕೇಬಲ್‌ಗಳನ್ನೇ ಬದಲಿಸಿದರು, ತೊಂದರೆ ಹೋಗಲಿಲ್ಲ. ಕೊನೆಗೆ ಒಂದು ತಂಡ ಬೆಳಗಿನ ಆರಕ್ಕೇ, ಧೋ ಎಂದು ಸುರಿಯುತ್ತಿದ್ದ ಮಳೆಯಲ್ಲಿ, ಸ್ಪೆಕ್ಟ್ರಮ್ ಅನಲೈಸರ್ ಹಿಡಿದು ಊರು ಸುತ್ತಿತು. ಏಳು ಹೊಡೆಯುತ್ತಿದ್ದಂತೆ ಉಪಕರಣದಲ್ಲಿ ವಿದ್ಯುತ್ ಗದ್ದಲ ಭುಗಿಲೆದ್ದಿತು. ಅದರ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಒಂದು ಮನೆಯ ಹಳೇ ಟಿವಿ. ಮನೆಯವರು ದಿನಾ ಏಳಕ್ಕೆ ಅದನ್ನು ಹಾಕುತ್ತಿದ್ದರು, ಊರಿನ ತಾಮ್ರದ ತಂತಿಗಳೆಲ್ಲ ತತ್ತರಿಸುತ್ತಿದ್ದವು. ವಿಷಯ ತಿಳಿದು ಅವರು ತುಂಬಾ ನೊಂದುಕೊಂಡರು, ಇನ್ನೆಂದೂ ಆ ಟಿವಿ ಹಾಕುವುದಿಲ್ಲ ಎಂದರು. 2020ರ ಸೆಪ್ಟೆಂಬರ್‌ನಲ್ಲಿ ಈ ಸುದ್ದಿ ಹೊರಬಂತು.

ನಮ್ಮ ಊರುಗಳಲ್ಲಿ ಈಗ ಫೈಬರ್ ಬಂದಿದೆ. ಬೆಳಕಿನಲ್ಲಿ ಸಾಗುವ ಸಂಕೇತವನ್ನು ಹಳೇ ಟಿವಿ ಕೆಡಿಸಲಾರದು. ಆದರೂ ಆ ಹಳ್ಳಿಯಲ್ಲಿ ಸುಳಿವು ಕೊಟ್ಟ ಗಡಿಯಾರ ಇಲ್ಲೂ ಅಷ್ಟೇ ಕೆಲಸಕ್ಕೆ ಬರುತ್ತದೆ. ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ನಿಧಾನವೇ? ಮಳೆ ಬಂದಾಗಲೇ? ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಗಳಿಗೆಯಲ್ಲೇ? ನಾಲ್ಕು ದಿನ ಕ್ಯಾಲೆಂಡರಿನ ಮೂಲೆಯಲ್ಲಿ ಹೊತ್ತು ಗುರುತು ಹಾಕಿಟ್ಟರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನೆಟ್ ಹೋದ ಕೂಡಲೇ ಎಲ್ಲರೂ ರೌಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಹಲವು ಸಲ ಸರಿಹೋಗುತ್ತದೆ, ನಿಜ. ಆದರೆ ಏನು ಕೆಟ್ಟಿತ್ತು ಎಂಬ ಗುರುತೂ ಅದರೊಂದಿಗೇ ಅಳಿಸಿಹೋಗುತ್ತದೆ. ಹಾಗಾಗಿ ಸ್ವಿಚ್ ಮುಟ್ಟುವ ಮೊದಲು ಎರಡು ನಿಮಿಷ ನೋಡುವುದು ಒಳ್ಳೆಯದು.

ನೋಡಬೇಕಾದ ದಾರಿ ಮೂರು ತುಂಡು. ಮೊಬೈಲಿನಿಂದ ರೌಟರ್‌ವರೆಗೆ ವೈಫೈ, ರೌಟರ್‌ನಿಂದ ಕಂಬಗಳ ಮೇಲೆ ಹಾದು ಕಂಪನಿಯ ಕೇಂದ್ರದವರೆಗೆ ಲೈನ್, ಅಲ್ಲಿಂದಾಚೆ ಹೊರಗಿನ ಇಂಟರ್ನೆಟ್. ಯಾವ ತುಂಡು ಕಡಿದಿದೆ ಎಂದು ತಿಳಿಯಲು ಪಿಂಗ್ ಎಂಬ ಪುಟ್ಟ ಪ್ರೋಗ್ರಾಂ ಸಾಕು. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ನೆಟ್‌ವರ್ಕ್ ವಿಚಿತ್ರವಾಗಿ ವರ್ತಿಸುತ್ತಿದ್ದಾಗ, ಮೈಕ್ ಮ್ಯೂಸ್ ಒಂದೇ ರಾತ್ರಿಯಲ್ಲಿ ಬರೆದದ್ದು ಅದು. ಇಂದಿಗೂ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಇದೆ. ಒಂದು ಕಮಾಂಡ್ ವಿಂಡೋದಲ್ಲಿ ರೌಟರ್‌ನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್‌ನಲ್ಲಿರುವ 8.8.8.8 ಎಂಬ ವಿಳಾಸಕ್ಕೆ ಪಿಂಗ್ ಹಾಕಿ ಬಿಡಬೇಕು. ರೌಟರ್‌ನಿಂದಲೇ ಉತ್ತರ ತಡವಾದರೆ, ತಪ್ಪಿಹೋದರೆ, ದೋಷ ಮನೆಯೊಳಗಿನ ವೈಫೈಯದು. ರೌಟರ್ ಒಂದೆರಡು ಮಿಲಿಸೆಕೆಂಡಿಗೆ ಉತ್ತರ ಕೊಡುತ್ತಿದ್ದು 8.8.8.8 ಮಾತ್ರ ಸುಮ್ಮನಾದರೆ ಲೈನನ್ನು ಶಂಕಿಸಬೇಕು. ಎರಡೂ ಉತ್ತರ ಕೊಡುತ್ತಿದ್ದು ಯಾವ ಸೈಟೂ ತೆರೆಯದಿದ್ದರೆ, ಹೆಸರನ್ನು ಸಂಖ್ಯೆಗೆ ಬದಲಿಸಿಕೊಡುವ ಡಿಎನ್‌ಎಸ್ ಮುಷ್ಕರ ಹೂಡಿರುವ ಸಾಧ್ಯತೆ ಹೆಚ್ಚು. ರೌಟರ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ವಿಳಾಸವನ್ನು 8.8.8.8 ಅಥವಾ 1.1.1.1 ಎಂದು ಬದಲಿಸಿ ನೋಡಬಹುದು.

ವೈಫೈಯ ತೊಂದರೆ ಹೆಚ್ಚಾಗಿ ಜಾಗದ್ದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ನೆಟ್‌ವರ್ಕ್ ಪಟ್ಟಿ ತೆರೆದರೆ ಅಕ್ಕಪಕ್ಕ, ಮೇಲೆ ಕೆಳಗಿನ ಮನೆಗಳ ಹೆಸರುಗಳು ಸಾಲುಗಟ್ಟಿರುತ್ತವೆ. ಅವೆಲ್ಲ ಈ ಮೂರರಲ್ಲೇ ಹಂಚಿಕೊಳ್ಳಬೇಕು. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇದೇ ತರಂಗಾಂತರದಲ್ಲಿ ಕೆಲಸ ಮಾಡುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಕಡಿಮೆ, ಆದರೆ ಗೋಡೆ ದಾಟುವ ಶಕ್ತಿಯೂ ಕಡಿಮೆ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆಗಳ ಮನೆಯಲ್ಲಿ ಹಜಾರದ ರೌಟರ್ ಹಿಂದಿನ ಕೋಣೆಗೆ ತಲುಪದಿದ್ದರೆ ಅಚ್ಚರಿಯಿಲ್ಲ. ಅಂಥಲ್ಲಿ ಲ್ಯಾನ್ ಕೇಬಲ್ ಎಳೆದು ಎರಡನೇ ರೌಟರ್ ಇಡುವುದು ಸರಿಯಾದ ದಾರಿ. ಅದನ್ನು ಆಕ್ಸೆಸ್ ಪಾಯಿಂಟ್ ಆಗಿ ಬದಲಿಸುವುದನ್ನು ಮಾತ್ರ ಮರೆಯಬಾರದು. ಹಾಗೇ ಬಿಟ್ಟು ಅದರ ಲ್ಯಾನ್ ಕಿಂಡಿಗೆ ಕೇಬಲ್ ಸಿಕ್ಕಿಸಿದರೆ ಎರಡು ರೌಟರ್‌ಗಳೂ ಮನೆಯ ಫೋನುಗಳಿಗೆ ವಿಳಾಸ ಹಂಚಲು ಹೊರಡುತ್ತವೆ, ಒಂದು ಫೋನಿಗೆ ನೆಟ್ ಇದ್ದು ಪಕ್ಕದ್ದಕ್ಕೆ ಇಲ್ಲದಂತಾಗುತ್ತದೆ. ಕೇಬಲ್ಲೂ ಚೆನ್ನಾಗಿರಬೇಕು. ಒಳಗಿನ ನಾಲ್ಕು ಜೋಡಿ ತಂತಿಗಳಲ್ಲಿ ಒಂದು ತುಂಡಾದರೂ ವೇಗ 100 ಎಂಬಿಪಿಎಸ್‌ಗೆ ಇಳಿಯಬಹುದು. 300ರ ಪ್ಲಾನ್ ಹಾಕಿಸಿಯೂ 95ರ ಆಸುಪಾಸಿನಲ್ಲೇ ನಿಂತರೆ ಕೇಬಲ್ ಅಥವಾ ಹಳೆಯ ರೌಟರ್‌ನ ಕಿಂಡಿ ಕಾರಣವಿರಬಹುದು.

ಸ್ಪೀಡ್ ಟೆಸ್ಟ್‌ನ ವೇಗದ ಅಂಕಿಯಲ್ಲಿ ಕಾಣದ ಇನ್ನೊಂದು ಕಾಯಿಲೆಯಿದೆ. 2010ರಲ್ಲಿ ಅಮೆರಿಕದ ಎಂಜಿನಿಯರ್ ಜಿಮ್ ಗೆಟ್ಟಿಸ್ ಮನೆಯಿಂದ ದೊಡ್ಡ ಫೈಲುಗಳನ್ನು ಕಳಿಸುವಾಗಲೆಲ್ಲ ಮನೆಮಂದಿಯ ನೆಟ್ ಹಳ್ಳ ಹಿಡಿಯುತ್ತಿತ್ತು, ಪಿಂಗ್ ಒಂದು ಸೆಕೆಂಡ್ ದಾಟುತ್ತಿತ್ತು. ಮಾಹಿತಿಯನ್ನು ಸ್ವಲ್ಪ ಹೊತ್ತು ಕಾಯಿಸಿಡುವ, ಉಪಕರಣಗಳ ಒಳಗಿನ ಬಫರ್ ಬೇಕಾದ್ದಕ್ಕಿಂತ ಬಹಳ ದೊಡ್ಡದಾಗಿ, ಮಾಹಿತಿಯ ಪೊಟ್ಟಣಗಳು ಸರದಿಯಲ್ಲಿ ನಿಂತು ಕೊಳೆಯುತ್ತಿದ್ದವು. ಅವರು ಇದನ್ನು ಬಫರ್‌ಬ್ಲೋಟ್ ಎಂದು ಕರೆದರು. ಅಪ್ಪನ ಫೋನ್ ಮದುವೆಯ ಫೋಟೋಗಳನ್ನು ಕ್ಲೌಡ್‌ಗೆ ಏರಿಸುವಾಗ ಮಗಳ ಆನ್‌ಲೈನ್ ಸಂದರ್ಶನ ನಿಂತು ನಿಂತು ಬರುತ್ತಿದ್ದರೆ ಇದನ್ನೇ ಶಂಕಿಸಬೇಕು. ಹೆಚ್ಚು ವೇಗದ ಪ್ಲಾನ್ ಕೊಳ್ಳುವ ಮುಂಚೆ, ಫೋಟೋಗಳನ್ನು ರಾತ್ರಿ ಏರುವಂತೆ ಹೊಂದಿಸಬಹುದು. ರೌಟರ್‌ನಲ್ಲಿ ಈ ಸರದಿ ಬೆಳೆಯದಂತೆ ನೋಡಿಕೊಳ್ಳುವ ಎಸ್‌ಕ್ಯೂಎಂ ಸೌಲಭ್ಯವಿದ್ದರೆ ಅದನ್ನು ಆನ್ ಮಾಡಬಹುದು. ಇಂಥ ಮನೆಗೆ ಇದು ದುಬಾರಿ ಪ್ಲಾನಿಗಿಂತ ಹೆಚ್ಚಿನ ಉಪಕಾರ ಮಾಡುತ್ತದೆ.

ಇನ್ನು ಲೈನ್. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಮಿನುಗಿದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಪ್ರಯೋಜನವಿಲ್ಲ. ಮೊದಲು ಗೋಡೆಯಿಂದ ಪೆಟ್ಟಿಗೆಗೆ ಬರುವ ತೆಳುವಾದ ಹಳದಿ ಅಥವಾ ಬಿಳಿ ವೈರನ್ನು ನೋಡಬೇಕು. ಟಿವಿ ಸ್ಟ್ಯಾಂಡಿನ ಹಿಂದೆ ಸಿಕ್ಕಿ ಚೂಪಾಗಿ ಮಡಚಿಕೊಂಡಿದ್ದರೆ ಒಳಗಿನ ಗಾಜಿನ ಎಳೆಯಿಂದ ಬೆಳಕು ಸೋರಿಹೋಗುತ್ತದೆ. ವೈರನ್ನು ಕಳಚಿದರೆ ಅದರ ತುದಿಯನ್ನು ಕಣ್ಣಿನ ಹತ್ತಿರ ತರಬಾರದು, ಒಳಗಿನ ಲೇಸರ್ ಕಣ್ಣಿಗೆ ಕಾಣುವಂಥದ್ದಲ್ಲ. ದೀಪಗಳೆಲ್ಲ ಸರಿಯಿದ್ದೂ ಪೆಟ್ಟಿಗೆ ತಾನಾಗಿಯೇ ಆಫ್ ಆಗಿ ಆನ್ ಆಗುತ್ತಿದ್ದರೆ ಸೊರಗಿದ ಅಡಾಪ್ಟರ್ ಕಾರಣವಿರಬಹುದು. ಅಷ್ಟೇ ವೋಲ್ಟ್ ಮತ್ತು ಆಂಪಿಯರ್‌ನ ಇನ್ನೊಂದನ್ನು ಹಾಕಿ ನೋಡಿದರೆ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಕಂಪನಿಗೆ ಫೋನ್ ಮಾಡುವವರ ಮಾತಿಗೆ ತೂಕ ಬರುತ್ತದೆ. ‘ನೆಟ್ ಬರ್ತಿಲ್ಲ’ ಎನ್ನುವ ಬದಲು, ‘ಮೂರು ದಿನದಿಂದ ಸಂಜೆ ಆರರ ಮೇಲೆ ಹೋಗ್ತಿದೆ, ಲ್ಯಾನ್ ಕೇಬಲ್ ಹಾಕಿ ನೋಡಿದ್ರೂ ಹಾಗೇ, ರೌಟರ್ ಪಿಂಗ್ ಸರಿ ಇದೆ’ ಎನ್ನಬಹುದು. ದೂರಿನ ಡಾಕೆಟ್ ಸಂಖ್ಯೆ ಕೇಳಿ ಪಡೆಯಬೇಕು. ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ದೂರು ಕೊಡುವಾಗ ಅದೇ ಆಧಾರ. ಲೈನ್‌ಮ್ಯಾನ್ ಬಂದಾಗ ಪವರ್ ಮೀಟರ್‌ನಲ್ಲಿ ಬೆಳಕಿನ ಮಟ್ಟ ಎಷ್ಟಿದೆ ಎಂದು ಕೇಳಬೇಕು. ಮೈನಸ್ 20 ಡಿಬಿಎಂ ಸುತ್ತಮುತ್ತ ಇದ್ದರೆ ಆರಾಮ. ಮೈನಸ್ 27ರ ಹತ್ತಿರ ಹೋಗಿದ್ದರೆ ಕಂಬದ ಮೇಲಿನ ಯಾವುದೋ ಜೋಡಣೆ ಸಡಿಲವಾಗಿರಬಹುದು, ಇಲ್ಲವೇ ಕೊಳೆ ಹಿಡಿದಿರಬಹುದು. ಅದನ್ನು ಬಿಚ್ಚಿ ಸರಿಮಾಡಿಕೊಟ್ಟು, ಮತ್ತೊಮ್ಮೆ ಅಳೆದು ತೋರಿಸುವಂತೆ ಅವರನ್ನೇ ಕೇಳಬೇಕು.