ಶಿಫಾರಸು ಪತ್ರವೂ ಸಂಶೋಧಕನ ಸ್ವದೇಶಾಗಮನವೂ

ಪರದೇಶದ ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಸಂಶೋಧನೆಯಲ್ಲಿ ತೊಡಗಿದ್ದ ತರುಣನು ಸ್ವದೇಶಕ್ಕೆ ಹಿಂದಿರುಗುವಾಗ ಅವನ ಪರವಾಗಿ ಅಲ್ಲಿಯ ಗುರುವಿನ ಶಿಫಾರಸು ಪತ್ರವೊಂದು ಬರುವುದು ರೂಢಿ. ಅದನ್ನು ಓದುವವರು ಅಲ್ಲಿ ನಡೆದ ಕೆಲಸವನ್ನು ಕಣ್ಣಾರೆ ಕಂಡವರಲ್ಲ. ಆದರೂ ತರುಣನ ಅನ್ನವೂ ವಿದ್ಯಾವ್ಯಾಸಂಗವೂ ಅವರ ನಿರ್ಣಯವನ್ನೇ ಅವಲಂಬಿಸಿರುತ್ತವೆ. ಇಂಥ ಪತ್ರದಲ್ಲಿ ಏನಿರಬೇಕು ಎಂಬುದನ್ನರಿಯಲು ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರ (1887-1920) ಜೀವನಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಅವರ ಬಾಳಿನ ಮುಖ್ಯ ತಿರುವುಗಳಲ್ಲೆಲ್ಲ ಒಂದೊಂದು ಪತ್ರವಿದೆ.

ಮೊದಲನೆಯದು 1911ರದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕರಾಗಿದ್ದ ಮಿಡ್ಲ್‌ಮಾಸ್ಟರು, ಈ ಯುವಕನಿಗೆ ಗಣಿತದಲ್ಲಿ ಅಸಾಧಾರಣ ಶಕ್ತಿಯಿದೆಯೆಂದು ನಾಲ್ಕು ಸಾಲು ಬರೆದುಕೊಟ್ಟರು. ಮಾತು ನಿಜವೇ. ಆದರೆ ಅದರಿಂದ ದೊರೆತುದು 1912ರಲ್ಲಿ ಪೋರ್ಟ್ ಟ್ರಸ್ಟಿನ ಗುಮಾಸ್ತೆಯ ಕೆಲಸ, ತಿಂಗಳಿಗೆ 30 ರೂಪಾಯಿ. ಬರಿಯ ಪ್ರಶಂಸೆ ಅಷ್ಟು ದೂರ ಮಾತ್ರ ಒಯ್ಯಬಲ್ಲುದು.

ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರರು 1913ರ ಫೆಬ್ರವರಿಯಲ್ಲಿ ಮದರಾಸಿಗೆ ಬಂದಾಗ ರಾಮಾನುಜನ್ನರ ಗಣಿತವನ್ನು ನೋಡಿ, ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಡ್ಯೂಸ್‌ಬರಿಯವರಿಗೆ ಬರೆದ ಪತ್ರವು ಬೇರೊಂದು ಬಗೆಯದು. ತಾವು ಕಂಡ ಕೆಲಸದ ಸ್ವೋಪಜ್ಞತೆ ಕೇಂಬ್ರಿಜಿನ ಕಾಲೇಜೊಂದರ ಗಣಿತದ ಫೆಲೋವಿನದಕ್ಕೆ ಹೋಲಿಸತಕ್ಕದ್ದೆಂದರು. ಒಡನೆಯೇ ಅದರಲ್ಲಿ ಪೂರ್ಣತೆಯೂ ನಿಷ್ಕೃಷ್ಟತೆಯೂ ಸಾಲದೆಂದೂ ಸೇರಿಸಿದರು. ಗಣಿತದ ಈ ಶಾಖೆಗಳು ತಮ್ಮ ವಿಶೇಷ ವ್ಯಾಸಂಗದ ಕ್ಷೇತ್ರವಲ್ಲವಾದುದರಿಂದ ಯುವಕನ ಶಕ್ತಿಯನ್ನು ನಿಶ್ಚಿತವಾಗಿ ಅಳೆಯಲಾರೆವೆಂದು ಒಪ್ಪಿಕೊಂಡರು. ಆಮೇಲೆ ಕೇಳಿದುದು ಒಂದನ್ನೇ: ಹೊಟ್ಟೆಪಾಡಿನ ಚಿಂತೆಯಿಲ್ಲದೆ ಕೆಲವು ವರ್ಷ ಈತನು ಗಣಿತದಲ್ಲಿಯೇ ಕಾಲ ಕಳೆಯುವಂತೆ ಮಾಡುವುದು. ಕೊರತೆಯನ್ನು ಹೇಳಿದುದರಿಂದ ಪತ್ರದ ಬಲ ಕುಗ್ಗಲಿಲ್ಲ, ಹೆಚ್ಚಿತೆಂದೇ ಹೇಳಬೇಕು. ತನ್ನ ಅರಿವಿನ ಎಲ್ಲೆಯನ್ನು ತಾನೇ ಗುರುತಿಸುವವನ ಮಾತನ್ನು ಎಲ್ಲೆಯೊಳಗೆ ನಂಬಬಹುದು. ಪದವಿಯಿಲ್ಲದ ಗುಮಾಸ್ತೆಗೆ ವಿಶ್ವವಿದ್ಯಾನಿಲಯವು ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನು ಎರಡು ವರ್ಷಗಳಿಗೆ ಮಂಜೂರು ಮಾಡಿತು.

ಮರುವರ್ಷದ ಜನವರಿಯಲ್ಲಿ ಕೇಂಬ್ರಿಜಿನಿಂದ ಮದರಾಸಿಗೆ ಉಪನ್ಯಾಸಕ್ಕೆಂದು ಬಂದಿದ್ದ ನೆವಿಲ್ಲರು ಅದೇ ರಿಜಿಸ್ಟ್ರಾರರಿಗೆ ಬರೆದರು. ಗಣಿತದಲ್ಲಿ ಯಾವ ದಾರಿಗಳನ್ನು ಹಿಂದಿನವರು ತುಳಿದಿದ್ದಾರೆ, ಯಾವುವನ್ನು ತುಳಿದಿಲ್ಲ ಎಂಬುದನ್ನು ಬಲ್ಲವರ ಸಹವಾಸ ಇವರಿಗೆ ಅತ್ಯಗತ್ಯವೆಂಬುದು ಅವರ ವಾದ. ವರ್ಷಕ್ಕೆ 250 ಪೌಂಡುಗಳ ವೇತನದೊಡನೆ ರಾಮಾನುಜನ್ನರು 1914ರಲ್ಲಿ ಕೇಂಬ್ರಿಜಿಗೆ ಹೊರಟರು.

ಅಲ್ಲಿ ಅವರ ಜೊತೆಗಾರರಾದ ಹಾರ್ಡಿಯವರು 1916ರಲ್ಲಿ ಮದರಾಸಿಗೆ ಕಳುಹಿಸಿದ ವರದಿಯು ರಾಮಾನುಜನ್ನರು ಇಂಗ್ಲೆಂಡಿನಲ್ಲಿ ಬರೆದ ಲೇಖನಗಳ ವಿವರಣೆಯೇ ಆಗಿದ್ದಿತು. ಹಿರಿಯರ ಕೈಕೆಳಗೆ ಅಥವಾ ಜೊತೆಯಲ್ಲಿ ದುಡಿದ ಸಹಾಯಕನ ವಿಷಯದಲ್ಲಿ ಇಂಥ ವಿವರಣೆಗೆ ಬೆಲೆ ಹೆಚ್ಚು. ಪ್ರಕಟವಾದ ಲೇಖನದಲ್ಲಿ ಎರಡು ಹೆಸರುಗಳು ಅಕ್ಕಪಕ್ಕದಲ್ಲಿರುತ್ತವೆ. ಯಾವ ಊಹೆ ಯಾರದು, ಯಾವ ಸಾಧನೆ ಯಾರದು ಎಂಬುದನ್ನು ಜೊತೆಯಲ್ಲಿದ್ದವನಲ್ಲದೆ ಬೇರಾರೂ ಹೇಳಲಾರರು. ಅದನ್ನು ಬಿಟ್ಟು ‘ಪರಿಶ್ರಮಿ, ಸುಶೀಲ’ ಎಂದು ಬರೆದುಕೊಡುವ ಗುರುಗಳು ಇಂದಿಗೂ ವಿರಳವಲ್ಲ.

ಬರೆದವನ ಕೀರ್ತಿಯೊಂದೇ ಸಾಕೆಂದು ಭಾವಿಸುವವರೂ ಉಂಟು. ಢಾಕಾ ವಿಶ್ವವಿದ್ಯಾನಿಲಯದ ಸತ್ಯೇಂದ್ರನಾಥ ಬೋಸರು 1924ರಿಂದ ಸುಮಾರು ಎರಡು ವರ್ಷ ಪ್ಯಾರಿಸ್ಸಿನಲ್ಲಿಯೂ ಬರ್ಲಿನ್ನಿನಲ್ಲಿಯೂ ಇದ್ದು, ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದಾಗ ಡಾಕ್ಟರೇಟ್ ಇಲ್ಲದ ಕೊರತೆಯನ್ನು ತುಂಬಲು ಐನ್‌ಸ್ಟೈನರ ಪತ್ರವನ್ನು ಕೇಳಿ ಪಡೆದರು. ಆದಾಗ್ಯೂ ಹುದ್ದೆ ಮೊದಲು ಹೋದುದು ದೇವೇಂದ್ರ ಮೋಹನ ಬೋಸರಿಗೆ. ಅವರು ಒಲ್ಲೆನೆಂದ ಬಳಿಕವೇ ಸತ್ಯೇಂದ್ರನಾಥರಿಗೆ ಬಂದಿತು.

ರಾಮಾನುಜನ್ನರು ಹಿಂದಿರುಗುವ ಪ್ರಶ್ನೆ ಎದ್ದುದು 1918ರ ಕೊನೆಯಲ್ಲಿ. ಆ ವರ್ಷ ಅವರು ರಾಯಲ್ ಸೊಸೈಟಿಗೂ ಟ್ರಿನಿಟಿ ಕಾಲೇಜಿಗೂ ಫೆಲೋ ಆಗಿ ಚುನಾಯಿತರಾಗಿದ್ದರು. ದೇಹ ಮಾತ್ರ ದೀರ್ಘ ರೋಗದಿಂದ ಜರ್ಜರಿತವಾಗಿದ್ದಿತು. ಹಾರ್ಡಿಯವರು ನವೆಂಬರಿನಲ್ಲಿ ಡ್ಯೂಸ್‌ಬರಿಯವರಿಗೆ ಬರೆದು, ಈ ಹಿಂದೆ ಯಾವ ಭಾರತೀಯನಿಗೂ ದೊರೆಯದಿದ್ದ ವೈಜ್ಞಾನಿಕ ಪ್ರತಿಷ್ಠೆಯೊಡನೆ ಈತ ಮರಳುತ್ತಾರೆಂದೂ, ಯಶಸ್ಸು ಅವರ ಸರಳತೆಯನ್ನು ಲೇಶವೂ ಕೆಡಿಸಿಲ್ಲವೆಂದೂ ತಿಳಿಸಿದರು. ತಾವು ಯಶಸ್ವಿಗಳೆಂಬುದನ್ನು ರಾಮಾನುಜನ್ನರಿಗೇ ಮನಗಾಣಿಸಬೇಕಾಗಿದೆಯೆಂಬ ಮಾತೂ ಅದರಲ್ಲಿದೆ. ಬಳಿಯಲ್ಲಿದ್ದು ಕಂಡವನು ಮಾತ್ರ ಬರೆಯಬಹುದಾದ ಸಾಲು ಅದು.

ವಿಶ್ವವಿದ್ಯಾನಿಲಯವು ಐದು ವರ್ಷಗಳವರೆಗೆ ವರ್ಷಕ್ಕೆ 250 ಪೌಂಡುಗಳನ್ನು ಗೊತ್ತುಮಾಡಿತು. 1919ರ ಜನವರಿಯಲ್ಲಿ ರಾಮಾನುಜನ್ನರು ಇಂಗ್ಲೆಂಡಿನಿಂದಲೇ ಅದಕ್ಕೆ ಉತ್ತರ ಬರೆದರು: ಇಷ್ಟು ಹಣ ತಮಗೆ ಬೇಕಿಲ್ಲ, ತಂದೆತಾಯಿಗಳಿಗೆ ವರ್ಷಕ್ಕೆ 50 ಪೌಂಡು ಸಲ್ಲಲಿ, ತಮ್ಮ ಅವಶ್ಯ ವೆಚ್ಚ ಕಳೆದು ಉಳಿದುದನ್ನು ಬಡ ಹುಡುಗರ ಶಾಲೆಯ ಶುಲ್ಕಕ್ಕೂ ಪುಸ್ತಕಗಳಿಗೂ ವಿನಿಯೋಗಿಸಲಿ.