ಅಡಿಗೆಮನೆಗೆ ಯಾವ ಕಲ್ಲು, ಯಾವ ಒಲೆ?

ವಾಡಿಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಕಳೆದ ಬೇಸಗೆಯಲ್ಲಿ ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟನು. ಅವನ ಮನೆಯಲ್ಲಿ ಅಡಿಗೆಮನೆಯನ್ನು ಹೊಸದಾಗಿ ಮಾಡಿಸುವ ಮಾತು ನಡೆದಿದ್ದಿತು. ಮೂವತ್ತು ವರ್ಷಗಳಿಂದ ಒಲೆಯನ್ನು ಹೊತ್ತಿದ್ದ ಶಹಾಬಾದಿ ಫರ್ಸಿಯ ಕಟ್ಟೆ ಒಲೆಯ ಬಳಿ ಇನ್ನೂ ನುಣುಪಾಗಿಯೇ ಇದ್ದಿತು. ನಲ್ಲಿಯ ಬಳಿ ಮಾತ್ರ ಮಂಕಾಗಿ, ಕೈಯಾಡಿಸಿದರೆ ತರಿತರಿಯಾಗಿ ತೋರುತ್ತಿದ್ದಿತು. “ಸರ್, ಬೆಂಕಿ ಬಾಜೂಕ ಕೆಡಲಾರದ ಕಲ್ಲು ನಳದ ಬಾಜೂಕ ಹ್ಯಾಂಗ ಕೆಟ್ಟಿತ್ರಿ? ಎಲ್ಲಾ ಫರ್ಸಿ ಕಿತ್ತು ಹೊಳಿಯೋ ಕಲ್ಲು ಹಾಕಸ್ತೀನಿ ಅಂತಾರ ನಮ್ಮಪ್ಪ” ಎಂದನು. ಆ ಮನೆಯವರು ಎರಡು ವರ್ಷ ಕೂಡಿಟ್ಟ ಹಣವೆಲ್ಲ ಈ ಕೆಲಸಕ್ಕೆ ಹೋಗುವುದಿದ್ದಿತು. ಆದುದರಿಂದ ಉತ್ತರವನ್ನು ಯೋಚಿಸಿಯೇ ಹೇಳಬೇಕಾಯಿತು.

ಮೊದಲು ಆ ಕಲ್ಲಿನ ಪರಿಚಯ ಮಾಡಿಕೊಳ್ಳೋಣ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ಸುತ್ತಣ ನೆಲದಲ್ಲಿ ಹಾಸುಹಾಸಾಗಿ ದೊರೆಯುವ ಫರ್ಸಿಯು ಸುಣ್ಣಕಲ್ಲು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುವರು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಹರಡಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರಪದರವಾಗಿ ಕುಳಿತು ಗಟ್ಟಿಯಾಯಿತು. ಗಣಿಯಲ್ಲಿ ಉಳಿಯಿಟ್ಟು ಎಬ್ಬಿಸಿದರೆ ಕಲ್ಲು ಹಲಗೆಯಂತೆ ಬಿಡಿಸಿಕೊಳ್ಳುವುದು ಈ ಪದರಗಳ ಗುಣದಿಂದಲೇ. ಚಿಂಚೋಳಿಯ ಕಡೆಗೆ ಹೋದರೆ ದಖನ್ನಿನ ಲಾವಾದಿಂದಾದ ಕಪ್ಪು ಬಸಾಲ್ಟ್ ಶಿಲೆ ಕಾಣಿಸಿಕೊಳ್ಳುವುದು. ಅದು ಬೆಂಕಿಯಿಂದ ಹುಟ್ಟಿದ ಕಲ್ಲು, ನಮ್ಮ ಫರ್ಸಿ ನೀರಿನಲ್ಲಿ ಹುಟ್ಟಿದ ಕಲ್ಲು.

ಫರ್ಸಿಯ ಮುಖ್ಯ ದ್ರವ್ಯ ಕ್ಯಾಲ್ಸಿಯಂ ಕಾರ್ಬೊನೇಟ್. ಬೆಂಕಿಯು ಇದನ್ನು ಏನು ಮಾಡಬಲ್ಲುದೆಂಬುದನ್ನು ಕಾಣಲು ವಾಡಿಯವರು ದೂರ ಹೋಗಬೇಕಿಲ್ಲ. ಅಲ್ಲಿಯ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಇದೇ ಜಾತಿಯ ಕಲ್ಲನ್ನು ಕಾಯಿಸುವರು. ಶಾಖವು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಕಾರ್ಬೊನೇಟ್ ಒಡೆಯುವುದು. ಶುದ್ಧವಾದ 100 ಕಿಲೋಗ್ರಾಂ ಕಾರ್ಬೊನೇಟಿನಿಂದ 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, 56 ಕಿಲೋಗ್ರಾಂ ಸುಟ್ಟ ಸುಣ್ಣ ಉಳಿಯುವುದು. ಅಡಿಗೆಮನೆಯಲ್ಲಿ ಒಲೆಯಿಂದ ಇಳಿಸಿದ ಪಾತ್ರೆಯ ಶಾಖ ಇದರ ಮೂರರಲ್ಲೊಂದು ಭಾಗವನ್ನು ಮುಟ್ಟುವುದೂ ಅಪರೂಪ. ಅಲ್ಲಿ ಕಲ್ಲು ಸುಣ್ಣವಾಗುವ ಭಯವಿಲ್ಲ. ಕೆಂಪಗೆ ಕಾದ ಪಾತ್ರೆಯನ್ನು ತಣ್ಣನೆಯ ಕಲ್ಲಿನ ಮೇಲೆ ತಟ್ಟನೆ ಇಟ್ಟರೆ ಒಂದೆಡೆ ಮಾತ್ರ ಹಿಗ್ಗಿ ಬಿರುಕು ಬಿಡಬಹುದು. ಅದಕ್ಕೆ ಒಂದು ಮಣೆಯೋ ಸಿಂಬಿಯೋ ಸಾಕು.

ಆದರೆ ಗೂಡಿನಲ್ಲಿ 900 ಡಿಗ್ರಿಗೆ ನಡೆಯುವ ಒಂದು ಕೆಲಸವನ್ನು ನಿಂಬೆಯ ಹನಿಯು ಕೋಣೆಯ ಶಾಖದಲ್ಲಿಯೇ ಮಾಡಿಬಿಡುವುದು. ಆಮ್ಲವು ತಾಕಿದೊಡನೆ ಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುವುದು. ಸಣ್ಣ ಗುಳ್ಳೆಗಳು ಏಳುವುದನ್ನು ಕಣ್ಣಿನಿಂದಲೇ ನೋಡಬಹುದು. ಒಂದು ಚಮಚೆ, ಎಂದರೆ 5 ಮಿಲಿಲೀಟರ್ ನಿಂಬೆರಸದಲ್ಲಿ ಸುಮಾರು ಕಾಲು ಗ್ರಾಂ ಸಿಟ್ರಿಕ್ ಆಮ್ಲವುಂಟು. ಅದೆಲ್ಲವೂ ಕಲ್ಲಿನೊಡನೆ ವರ್ತಿಸಿದರೆ 0.2 ಗ್ರಾಂ ಕಲ್ಲು ಕರಗುವುದು. ಅತ್ಯಲ್ಪವೆಂದು ತೋರಬಹುದು. ಹತ್ತು ಸೆಂಟಿಮೀಟರ್ ಚೌಕದ ಮೇಲೆ ಇದನ್ನು ಹರಡಿ ಲೆಕ್ಕ ಹಾಕಿದರೆ ಸವೆದ ಆಳ ಮಿಲಿಮೀಟರಿನ ಸಾವಿರದ ಏಳು ಭಾಗ. ಬೆಳಕಿನ ಅಲೆಯ ಉದ್ದ ಮಿಲಿಮೀಟರಿನ ಸಾವಿರದ ಅರ್ಧ ಭಾಗ ಮಾತ್ರ. ಮೇಲ್ಮೈಯ ಏರುತಗ್ಗುಗಳು ಬೆಳಕಿನ ಅಲೆಗಿಂತ ಬಹಳ ಚಿಕ್ಕವಾಗಿದ್ದರೆ ಬೆಳಕು ಕನ್ನಡಿಯಲ್ಲಿರುವಂತೆ ಒಂದೇ ದಿಕ್ಕಿಗೆ ಮರಳುವುದು. ದೊಡ್ಡವಾದರೆ ಎಲ್ಲ ದಿಕ್ಕುಗಳಿಗೂ ಚೆದರುವುದು. ಹೊಳಪು ಹೋಯಿತೆಂದು ನಾವು ಹೇಳುವುದು ಇದನ್ನೇ.

ಇನ್ನು ನಲ್ಲಿಯ ಬಳಿಯ ಪ್ರಶ್ನೆ. ಸುಣ್ಣಕಲ್ಲಿನ ನಾಡಿನ ಬಾವಿಯ ನೀರು ಸಾಮಾನ್ಯವಾಗಿ ಗಡಸು ನೀರು. ಅದು ಆರಿದಲ್ಲಿ ಬಿಳಿಯ ಕಲೆ ಉಳಿಯುವುದು. ವಿದ್ಯಾರ್ಥಿಯ ತಾಯಿ ಆ ಕಲೆಯನ್ನು ಹಿಂಡಿದ ನಿಂಬೆಯ ಹೋಳಿನಿಂದ ದಿನವೂ ಉಜ್ಜುತ್ತಿದ್ದರು. ಸ್ಟೀಲ್ ಪಾತ್ರೆಗೆ ಇದು ಒಳ್ಳೆಯ ಉಪಾಯವೇ ಸರಿ. ಆದರೆ ಫರ್ಸಿಯ ಮೇಲೆ ಕಲೆಯೂ ಕ್ಯಾಲ್ಸಿಯಂ ಕಾರ್ಬೊನೇಟ್, ಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟ್! ಇದು ಕಲೆ, ಇದು ಕಲ್ಲು ಎಂಬ ಭೇದ ಆಮ್ಲಕ್ಕೆ ತಿಳಿಯದು. ಕಲೆಯನ್ನು ಕರಗಿಸಿದ ಹುಳಿಯು ಕಲ್ಲನ್ನೂ ಕರಗಿಸಿತು. ಹುಣಿಸೆಹಣ್ಣು, ಪುಂಡಿಪಲ್ಯ, ವಿನೆಗರ್ ಎಲ್ಲಕ್ಕೂ ಈ ಗುಣವುಂಟು. ಬಚ್ಚಲು ತೊಳೆಯುವ ಆ್ಯಸಿಡ್ಡಂತೂ ಇವೆಲ್ಲಕ್ಕಿಂತ ಕ್ರೂರವಾದುದು. ಫರ್ಸಿಗೆ ಸಾಬೂನು ನೀರು, ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ—ಇಷ್ಟೇ ತಕ್ಕ ಉಪಚಾರ.

ಹಾಗಾದರೆ ಹೊಳೆಯುವ ಕಲ್ಲು ಯಾವುದು? ಗ್ರಾನೈಟಿನಲ್ಲಿರುವುದು ಮುಖ್ಯವಾಗಿ ಫೆಲ್‌ಸ್ಪಾರ್ ಮತ್ತು ಸ್ಫಟಿಕಶಿಲೆ. ಇವು ಸಿಲಿಕೇಟ್ ವರ್ಗದವು. ನಿಂಬೆಯ ಹುಳಿಗೆ ಜಗ್ಗುವುದಿಲ್ಲ. ಕಾಠಿಣ್ಯದ ಅಳತೆಯಲ್ಲಿ ಸುಣ್ಣಕಲ್ಲಿನ ಅಂಕ 3, ಇವುಗಳದು 6, 7. ಆದುದರಿಂದ ಚಾಕುವಿನ ಗೀರು ಕೂಡ ಸುಲಭವಾಗಿ ಬೀಳದು. ಎಣ್ಣೆಯನ್ನು ಮಾತ್ರ ಗ್ರಾನೈಟೂ ಅಷ್ಟಿಷ್ಟು ಹೀರುವುದು.

ಪೇಟೆಯಲ್ಲಿ ‘ಕ್ವಾರ್ಟ್ಸ್’ ಎಂಬ ಹೆಸರಿನಿಂದ ಬರುವ ಕೃತಕ ಹಲಗೆಯ ಬಗೆ ಬೇರೆ. ಅದರಲ್ಲಿ ಸುಮಾರು ನೂರಕ್ಕೆ ತೊಂಬತ್ತು ಭಾಗ ಸ್ಫಟಿಕದ ಪುಡಿ, ಉಳಿದುದು ಅದನ್ನು ಬಂಧಿಸುವ ರಾಳ. ಹುಳಿ ಇದನ್ನು ಕೆಡಿಸದು. ಆದರೆ ಬಿಸಿ ಪಾತ್ರೆ ಇಟ್ಟರೆ ರಾಳ ಬಣ್ಣಗೆಡುವುದು. ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದುಂಟು. ಈ ಹಲಗೆಯನ್ನು ಒಣದಾಗಿ ಕೊಯ್ದಾಗ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುವುದು. ಇದೇ ಕಾರಣದಿಂದ ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಇಂತಹ ಹಲಗೆಯನ್ನು ನಿಷೇಧಿಸಿತು. ಗ್ರಾನೈಟಿನ ಧೂಳಿನಲ್ಲಿಯೂ ಸಿಲಿಕಾ ಇರುವುದರಿಂದ, ಯಾವ ಕಲ್ಲನ್ನೇ ಕೊಯ್ಯಿಸಲಿ, ನೀರು ಹಾಯಿಸುತ್ತ ಕೊಯ್ಯುವಂತೆ ಮನೆಯ ಯಜಮಾನನೇ ಕೇಳಿಕೊಳ್ಳಬೇಕು.

ಕಲ್ಲಿನ ನಂತರ ಒಲೆ. ಇಂಡಕ್ಷನ್ ಒಲೆಯೊಳಗಿನ ತಂತಿಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಸಲ ದಿಕ್ಕು ಬದಲಿಸುವುದು. ಅದರಿಂದ ಪಾತ್ರೆಯ ತಳದಲ್ಲಿಯೇ ಸುಳಿಪ್ರವಾಹಗಳು ಹುಟ್ಟಿ ಪಾತ್ರೆ ತಾನಾಗಿ ಕಾಯುವುದು. ಎರಡು ಲೀಟರ್ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 588 ಕಿಲೋಜೌಲ್ ಬೇಕು. ಇಂಡಕ್ಷನ್ ಒಲೆ ನೂರಕ್ಕೆ 85ರಷ್ಟನ್ನು ನೀರಿಗೆ ಮುಟ್ಟಿಸುವುದೆಂದಿಟ್ಟುಕೊಂಡರೆ ತಗಲುವುದು 0.19 ಯೂನಿಟ್. ಒಳ್ಳೆಯ ಅನಿಲ ಒಲೆ 68ರಷ್ಟನ್ನು ಮುಟ್ಟಿಸಿದರೆ ಸುಮಾರು 19 ಗ್ರಾಂ ಅನಿಲ. ತಮ್ಮ ಮನೆಯ ಬಿಲ್ಲನ್ನೂ ಸಿಲಿಂಡರಿನ ಬೆಲೆಯನ್ನೂ ಹಿಡಿದು ಯಾವುದು ಅಗ್ಗವೆಂಬುದನ್ನು ವಾಚಕರೇ ಎಣಿಸಬಹುದು. 2000 ವಾಟ್ ಒಲೆಯು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುವುದರಿಂದ, ಅದಕ್ಕೆ 6 ಆಂಪಿಯರಿನ ಸಾಮಾನ್ಯ ಸಾಕೆಟ್ ಸಲ್ಲದು; 16 ಆಂಪಿಯರಿನದು ಬೇಕು.

ಆದರೆ ಜೋಳದ ರೊಟ್ಟಿಯ ಮಾತು ಬಂದಾಗ ಲೆಕ್ಕ ಬದಲಾಗುವುದು. ತಳ ಬಾಗಿದ ಕಬ್ಬಿಣದ ಹಂಚು ಇಂಡಕ್ಷನ್ ಒಲೆಯ ಸಮತಲವನ್ನು ಒಂದೆಡೆ ಮಾತ್ರ ತಾಕುವುದರಿಂದ ಸಮನಾಗಿ ಕಾಯದು. ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡಕ್ಕೋ ಉರಿಗೋ ಒಡ್ಡಿ ಉಬ್ಬಿಸುವವರಿಗೆ ಇಲ್ಲಿ ಉರಿಯೇ ಇಲ್ಲ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆಗಳೂ ಸಾಮಾನ್ಯ ಇಂಡಕ್ಷನ್ ಒಲೆಗೆ ಒಗ್ಗವು. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಆ ಪಾತ್ರೆ ನಡೆಯುವುದು.

ಹಣ ಕೊಡುವ ಮೊದಲು ಅಂಗಡಿಯಿಂದ ಕಲ್ಲಿನ ಒಂದು ಚೂರನ್ನು ಕೇಳಿ ತನ್ನಿರಿ. ಮೇಲೆ ನಿಂಬೆಯ ಹನಿ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿರಿ. ಮಂಕಾದರೆ, ಅದರ ಹೆಸರು ಏನೇ ಇರಲಿ, ಹುಳಿಗೆ ಅಂಜುವ ಕಲ್ಲು. ಎಣ್ಣೆಯ ಹನಿ ಹಾಕಿ ರಾತ್ರಿಯೆಲ್ಲ ಬಿಡಿರಿ. ಕಲೆ ಉಳಿದರೆ ಹೀರುವ ಕಲ್ಲು. ಮೊಳೆಯಿಂದ ಗೀರಿರಿ, ಗೆರೆ ಬಿದ್ದರೆ ಮೃದುವಾದ ಕಲ್ಲು.

ನಮ್ಮ ವಿದ್ಯಾರ್ಥಿಯೂ ಈ ಪರೀಕ್ಷೆಗಳನ್ನು ತಂದೆತಾಯಿಗಳ ಎದುರಿನಲ್ಲಿಯೇ ಮಾಡಿ ತೋರಿಸಿದನು. ನೆಲದ ಫರ್ಸಿ, ಗೋಡೆಯ ಹಲಗೆಗಳು, ಒಲೆಯ ಬಳಿಯ ಕಟ್ಟೆ ಇದ್ದಂತೆಯೇ ಉಳಿದವು. ನಲ್ಲಿಯ ಬಳಿಯ ನಾಲ್ಕು ಅಡಿ ಮಾತ್ರ ಕಿತ್ತು ಗ್ರಾನೈಟ್ ಹಾಕಿಸಿದರು. ಹಾಲು, ಬೇಳೆ, ನೀರಿಗೆ ಇಂಡಕ್ಷನ್ ಒಲೆ ಬಂದಿತು. ರೊಟ್ಟಿಗೆ ಅನಿಲದ ಒಲೆ ಉಳಿಯಿತು. ಕೂಡಿಟ್ಟ ಹಣದಲ್ಲಿ ಅರ್ಧಕ್ಕೂ ಮಿಕ್ಕಿ ಉಳಿಯಿತೆಂದೂ, ಹಿಂಡಿದ ನಿಂಬೆಯ ಹೋಳುಗಳು ಈಗ ಸ್ಟೀಲ್ ಪಾತ್ರೆಗಳಿಗೆ ಮಾತ್ರ ಮೀಸಲೆಂದೂ ಅವನು ಹೇಳಿದನು.